ಎರಡೂ ಕಡೆ ಒಂಬತ್ತು

ಈ ವರ್ಷ ನಮ್ಮ ಮನ್ಯಾಗೆ ಇಬ್ರು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ್ರು. ಒಬ್ಳು ನನ್ನ ಮೊಮ್ಮಗಳು. ಇನ್ನೊಬ್ಳು ಅವಳನ್ನ ಹೆತ್ತೋಳು, ನನ್ನ ಸೊಸೆ. ಒಂದೇ ದಿನ, ಒಂದೇ ಫೋನ್ನಾಗೆ ಇಬ್ರ ರಿಸಲ್ಟೂ ನೋಡಿದ್ವಿ. ಮಗಳು ಪಾಸು. ತಾಯಿ ಐದು ಸಬ್ಜೆಕ್ಟು ಪಾಸು, ಗಣಿತ ಒಂದು ಫೇಲು. ನನ್ನ ಮಗ ಚಳ್ಳಕೆರೆ ಎಣ್ಣೆ ಮಿಲ್ಲಿನಾಗೆ ಕೆಲ್ಸ ಮಾಡ್ತಾನೆ. ಬರೋವಾಗ ಒಂದು ಕೆಜಿ ಮೈಸೂರು ಪಾಕು ತರ್ತೀನಿ ಅಂದಿದ್ದೋನು ಅರ್ಧ ಕೆಜಿ ತಂದ. ಅವನದೂ ತಪ್ಪಿಲ್ಲ ಬಿಡಿ, ಅರ್ಧ ಮನೆ ತಾನೆ ಪಾಸಾಗಿದ್ದು.

ಈ ವಯಸ್ಸಿನಾಗೆ ಸೊಸೆಗೆ ಎಸ್ಸೆಸ್ಸೆಲ್ಸಿ ಯಾಕೆ ಬೇಕಾತು ಅಂತ ಊರಾಗೆ ಎಲ್ಲಾರೂ ಕೇಳ್ತಾರೆ. ನಮ್ಮೂರ ಅಂಗನವಾಡಿ ಸಹಾಯಕಿ ವಯಸ್ಸಾತು ಅಂತ ಈ ವರ್ಷ ಕೆಲ್ಸ ಬಿಡ್ತಾಳೆ. ಆ ಜಾಗಕ್ಕೆ ಅರ್ಜಿ ಹಾಕಬೇಕು ಅಂದ್ರೆ ಹತ್ತನೇ ಕ್ಲಾಸು ಪಾಸಾದ ಕಾರ್ಡು ಇರ್ಬೇಕು. ನನ್ನ ಸೊಸೆ ಆ ಕೆಲ್ಸದ ಮ್ಯಾಲೆ ಕಣ್ಣಿಟ್ಟು ಸುಮಾರು ವರ್ಷ ಆತು. ಅಂಗನವಾಡಿ ಇರೋದು ನಮ್ಮ ಮನೆ ಹಿಂದೇನೇ. ಯಾವುದಾದ್ರೂ ಮಗು ಅತ್ರೆ ಇವಳು ಕೈಯಾಗಿನ ಕೆಲ್ಸ ಬಿಟ್ಟು ಕಿವಿ ಕೊಡ್ತಾಳೆ. "ಅದು ಹಸಿವಿಗೆ ಅಳೋದಲ್ಲ ಅತ್ತೆ, ಚಡ್ಡಿ ಒದ್ದೆ ಆಗೈತೆ" ಅಂತ ಒಲೆ ಮುಂದೆ ಕುಂತೇ ಹೇಳ್ತಾಳೆ. ಹೋಗಿ ನೋಡಿದ್ರೆ ಹಂಗೇ ಇರ್ತೈತೆ. ಇಂಥೋಳು ಆ ಚಡ್ಡಿ ಬದಲಾಯಿಸ್ಬೇಕು ಅಂದ್ರೆ ಮೊದ್ಲು ವರ್ಗ ಸಮೀಕರಣ ಬಿಡಿಸ್ಬೇಕು ಅಂತ ಸರ್ಕಾರ ಹೇಳೈತೆ. ಸರ್ಕಾರ ಅಂದ್ಮ್ಯಾಲೆ ಏನೋ ಯೋಚ್ನೆ ಮಾಡೇ ಹೇಳಿರ್ತೈತೆ.

ಗಣಿತಕ್ಕೆ ಎರಡನೇ ಪರೀಕ್ಷೆ ಕಟ್ಟಿದ್ಲು. ಒಂದು ತಿಂಗಳು ಟೈಮಿತ್ತು. ಇದೂ ಹೋದ್ರೆ ಅರ್ಜಿ ಕರೆಯೋ ಹೊತ್ತಿಗೆ ಕೈಯಾಗೆ ಕಾರ್ಡು ಇರಲ್ಲ. ಇನ್ಯಾರೋ ಬಂದು ಆ ಕೆಲ್ಸದಾಗೆ ಕುಂತ್ರೆ ಆಮೇಲೆ ನನ್ನ ಸೊಸೆ ಮುದುಕಿ ಆಗೋವರ್ಗೂ ಆ ಜಾಗ ಖಾಲಿ ಆಗಲ್ಲ.

ಅವಳು ಸಣ್ಣೋಳಿದ್ದಾಗ್ಲೇ ಯಾಕೆ ಪಾಸಾಗ್ಲಿಲ್ಲ ಅಂತ ನೀವು ಕೇಳ್ಬೋದು. ಅದಕ್ಕೆ ಕಾರಣ ನಾನು. ಅವಳ ತವರು ಬಿ.ಜಿ. ಕೆರೆ, ಮೊಳಕಾಲ್ಮೂರು ಕಡೆ. ನಾವು ಹೆಣ್ಣು ನೋಡೋಕೆ ಹೋದ ದಿನಾನೇ ಅವಳ ಗಣಿತದ ಪರೀಕ್ಷೆ. ಟೆಂಪೋ ಮಾಡ್ಕಂಡು ಹನ್ನೊಂದು ಜನ ಹೋಗಿದ್ವಿ. ಹನ್ನೊಂದು ಜನ ಬಂದು ನಡುಮನ್ಯಾಗೆ ಚಾಪೆ ಮ್ಯಾಲೆ ಕುಂತ್ರೆ ಹುಡುಗಿ ಪೆನ್ನು ಹಿಡ್ಕಂಡು ಅವರನ್ನ ದಾಟ್ಕಂಡು ಹೆಂಗೆ ಹೋಗ್ತಾಳೆ. ಸೀರೆ ಉಡಿಸಿ, ಕೈಗೆ ತಟ್ಟೆ ಕೊಟ್ಟು ನಿಲ್ಲಿಸಿದ್ರು. ಮದುವೆ ಆಗಿದ್ದು ಎರಡು ವರ್ಷ ಬಿಟ್ಟು. ಆ ಎರಡು ವರ್ಷದಾಗೆ ಮತ್ತೆ ಬರಿ ಅಂತ ಯಾರೂ ಅನ್ಲಿಲ್ಲ. ಒಪ್ಪಿಗೆ ಆದ ಹುಡುಗಿ ಇನ್ಯಾರ ಒಪ್ಪಿಗೆಗೆ ಬರೀಬೇಕು ಅಂತ ಅಂದ್ಕಂಡಿರ್ಬೇಕು. "ಪರೀಕ್ಷೆ ಇತ್ತು ಅನ್ನೋದು ನಮಗೇನು ಗೊತ್ತು, ಹೇಳಿದ್ರೆ ತಾನೆ?" ಅಂತ ನಾನು ಇಷ್ಟು ವರ್ಷ ಎಲ್ಲಾರ ಹತ್ರ ಹೇಳ್ಕಂಡು ಬಂದೀನಿ. ಆ ಮಾತನ್ನ ನಾನು ಚೆನ್ನಾಗಿ ಹೇಳ್ತೀನಿ. ಕೇಳಿದೋರು ಸೊಸೆಗಿಂತ ನನ್ನ ನೋಡೇ ಅಯ್ಯೋ ಪಾಪ ಅಂತಾರೆ.

ಮಧ್ಯಾಹ್ನ ಊಟ ಆದ್ಮ್ಯಾಲೆ ಮನೆ ಮುಂದಿನ ಕಟ್ಟೆ ಮ್ಯಾಲೆ ಪಾಠ. ಬೇವಿನ ಮರದ ನೆರಳು ಅಲ್ಲಿಗೆ ಬರ್ತೈತೆ. ಮೊಮ್ಮಗಳು ಮೇಷ್ಟ್ರು. ಸೊಸೆ ಮಡಿಲಾಗೆ ಶೇಂಗಾ ಹಾಕ್ಕಂಡು ಸುಲಿಯುತ್ತಾ ಕುಂತಿರ್ತಿದ್ಲು, ಬರೆಯೋ ಹೊತ್ತಿಗೆ ಕೈ ಒರೆಸ್ಕಂಡು ಪೆನ್ನು ಹಿಡೀತಿದ್ಲು. ನಾನು ಪಕ್ಕದ ಮನೆ ಬಾಣಂತಿ ಮಗುಗೆ ಕೌದಿ ಹೊಲೀತಿದ್ದೆ. ಹಳೇ ಸೀರೆ, ಹಳೇ ಪಂಚೆಯಾಗೆ ಒಂದೊಂದು ಗೇಣಿನ ಚೌಕ ತ್ಯಾಪೆ ಕತ್ತರಿಸಿ ಜೋಡಿಸೋದು.

"ಅವ್ವ, ಇವತ್ತು ವರ್ಗ ಪೂರ್ಣಗೊಳಿಸೋದು," ಅಂದ್ಲು ಮೊಮ್ಮಗಳು.

"ಯಾರಿಗೆ ವರ್ಗ ಆತೆ?" ಅಂದೆ. ನಮ್ಮ ಕಡೆ ವರ್ಗ ಅಂದ್ರೆ ಮೇಷ್ಟ್ರಿಗೋ ಪೊಲೀಸ್ರಿಗೋ ಆಗೋದು.

"ಅಜ್ಜಿ, ಆ ವರ್ಗ ಅಲ್ಲ. ಸ್ಕ್ವೇರು. ಚೌಕ."

"ಪೂರ್ಣ ಆಗಿಲ್ಲ ಅಂದ್ರೆ ಆರ್ಡರ್ ಬಂದೈತೆ, ಇನ್ನೂ ಬಿಟ್ಟಿಲ್ಲ ಅಂತ."

"ಅವ್ವ, ನಿಮ್ಮತ್ತೆಗೆ ಸುಮ್ನಿರೋಕೆ ಹೇಳು."

"ನಿಮ್ಮಪ್ಪನ ಕೈಯಾಗೇ ಆಗಿಲ್ಲ, ನನ್ನ ಕೈಯಾಗೆ ಆಗ್ತೈತಾ," ಅಂದ್ಲು ಸೊಸೆ, ಶೇಂಗಾ ಸಿಪ್ಪೆ ಊದ್ತಾ.

ಮೊಮ್ಮಗಳು ಬಾಗಿಲ ಹಲಗೆ ಮ್ಯಾಲೆ ಸೀಮೆಸುಣ್ಣದಾಗೆ ಬರೆದ್ಲು. ಎಕ್ಸ್ ವರ್ಗ, ಪ್ಲಸ್ ಆರು ಎಕ್ಸ್, ಸಮ ಹದಿನಾರು. ಎಕ್ಸ್ ತಲೆ ಮ್ಯಾಲೆ ಒಂದು ಸಣ್ಣ ಎರಡು ಹಾಕ್ತಾರೆ, ಅದೇ ವರ್ಗದ ಗುರುತು. ಅದು ನಾನು ಇದನ್ನ ಬರೀತಿರೋ ಈ ಫೋನ್ನಾಗೆ ಎಲ್ಲೈತೋ ನನಗೆ ಇನ್ನೂ ಸಿಕ್ಕಿಲ್ಲ, ಅದಕ್ಕೇ ಬಾಯಾಗೆ ಹೇಳೋ ಹಂಗೇ ಬರ್ದೀನಿ.

"ಎಕ್ಸ್ ಎಷ್ಟು ಅಂತ ಕಂಡು ಹಿಡೀಬೇಕು ಅವ್ವ. ಎಕ್ಸ್ ಮುಂದಿರೋ ಆರು ತಗಾ. ಅರ್ಧ ಮಾಡು, ಮೂರು. ಮೂರರ ವರ್ಗ ಮಾಡು, ಒಂಬತ್ತು. ಎರಡೂ ಕಡೆ ಕೂಡಿಸು."

"ಅರ್ಧ ಯಾಕೆ ಮಾಡ್ಬೇಕು?"

"ಮಾಡ್ಬೇಕು."

"ಅದೇ ಯಾಕೆ?"

"ಮೇಷ್ಟ್ರು ಹಂಗೆ ಹೇಳಿದ್ದು. ನಾವ್ಯಾರೂ ಯಾಕೆ ಅಂತ ಕೇಳ್ಲಿಲ್ಲ, ಪಾಸಾದ್ವಿ. ನೀನು ಕೇಳ್ತೀಯ, ಅದಕ್ಕೇ ಫೇಲಾಗ್ತೀಯ."

ಸೊಸೆ ಮುಖ ತಿರುಗಿಸ್ಕಂಡು ತೆಲುಗಾಗೆ ಗೊಣಗಿದ್ಲು. "ದೀನ್ನಿ ಕನಿ ಚೆಡಿಪೋತಿನಿ." ಇವಳನ್ನ ಹೆತ್ತು ಕೆಟ್ಟೆ ಅಂತ. ಅವಳ ತವರು ಮನೆ ಮಾತು ತೆಲುಗು. ನಮ್ಮ ಜೊತೆ ಕನ್ನಡದಾಗೆ ಮಾತಾಡ್ತಾಳೆ, ಸಿಟ್ಟು ಬಂದ್ರೆ ಒಬ್ಬಳೇ ತೆಲುಗಾಗೆ ಗೊಣಗ್ತಾಳೆ. ನನಗೆ ತೆಲುಗು ಬರಲ್ಲ ಅಂತ ಅವಳು ತಿಳ್ಕಂಡಿದ್ಲು.

ನನಗೆ ತೆಲುಗು ಚೆನ್ನಾಗಿ ಬರ್ತೈತೆ. ನಾನು ಹುಟ್ಟಿದ ಬೀದಿಯಾಗೆ ಅರ್ಧ ಮನೆ ತೆಲುಗಿನೋರು. ಆದ್ರೆ ಇವಳು ಮದುವೆ ಆಗಿ ಬಂದ ಮೊದಲ್ನೇ ವಾರ, ಮುದ್ದೆ ಗಟ್ಟಿ ಆತು ಅಂತ ನಾನು ಏನೋ ಅಂದಾಗ, ಒಲೆ ಕಡೆ ತಿರುಗಿ "ಎಟ್ಲ ಏಗೇದಿ ಈಮೆತೊ" ಅಂದ್ಲು. ಈಯಮ್ಮನ ಜೊತೆ ಹೆಂಗಪ್ಪ ಏಗೋದು ಅಂತ. ಬಾಯಿ ತನಕ ಬಂದಿದ್ದ ಉತ್ತರ ನುಂಗ್ಕಂಡೆ. ಉತ್ತರ ಕೊಟ್ಟಿದ್ರೆ ಅವತ್ತಿಗೇ ಮುಗೀತಿತ್ತು. ಸುಮ್ನಿದ್ದಿದ್ದಕ್ಕೆ ಅವತ್ತಿಂದ ನನಗೆ ಮನ್ಯಾಗೆ ಒಂದು ರೇಡಿಯೋ ಇಟ್ಟಂಗಾತು. ಇಪ್ಪತ್ತು ವರ್ಷದ ಹತ್ರ ಬಂತು, ಒಂದು ದಿನಾನೂ ಬೇಜಾರಾಗಿಲ್ಲ.

ಅವತ್ತು ಮೊಮ್ಮಗಳ ಬಾಯಿ ನೋಡಿ ನನಗೇ ಸಿಟ್ಟು ಬಂತು. "ತಡಿಯೇ ಮೇಷ್ಟ್ರಮ್ಮ, ಇದು ಕೌದಿ ಲೆಕ್ಕ" ಅಂದೆ. ಇಬ್ರೂ ನನ್ನ ಕಡೆ ತಿರುಗಿದ್ರು. ಕಟ್ಟೆ ಮ್ಯಾಲೆ ಸೀಮೆಸುಣ್ಣದಾಗೆ ಗೀಚಿದೆ.

"ಇದು ಒಂದು ಚೌಕ ಬಟ್ಟೆ. ಎಷ್ಟು ಗೇಣು ಅಂತ ಗೊತ್ತಿಲ್ಲ, ಅದೇ ನಿಮ್ಮ ಎಕ್ಸು ಅನ್ಕೋ. ಇದರ ಪಕ್ಕಕ್ಕೆ ಒಂದು ಪಟ್ಟಿ. ಅದರ ಅಗಲ ಚೌಕದಷ್ಟೇ, ಉದ್ದ ಮಾತ್ರ ಆರು ಗೇಣು. ಎರಡೂ ಸೇರಿ ಹದಿನಾರು ತ್ಯಾಪೆ ಬಟ್ಟೆ. ಹಿಂಗೇ ಒಂದೇ ಕಡೆ ಹೊಲಿದ್ರೆ ಏನಾಗ್ತೈತೆ?"

"ಉದ್ದ ಆಗ್ತೈತೆ," ಅಂದ್ಲು ಸೊಸೆ.

"ಅದನ್ನ ಮಗುಗೆ ಹೊದಿಸ್ತೀಯೋ ಹಾವಿಗೆ ಹೊದಿಸ್ತೀಯೋ? ಪಟ್ಟಿನ ಅರ್ಧಕ್ಕೆ ಕತ್ತರಿಸು. ಮೂರು ಗೇಣಿಂದು ಬಲಕ್ಕೆ, ಮೂರು ಗೇಣಿಂದು ಕೆಳಗೆ. ಎರಡೂ ಕಡೆ ಹೊಲಿ. ಈಗ?"

"ಮೂಲೆ ಖಾಲಿ ಉಳೀತು ಅತ್ತೆ."

"ಎಷ್ಟು?"

ಸೊಸೆ ಬೆರಳಿಟ್ಟು ನೋಡಿದ್ಲು. "ಈ ಕಡೆ ಮೂರು, ಆ ಕಡೆ ಮೂರು. ಮೂರು ಮೂರ್ಲಿ ಒಂಬತ್ತು ತ್ಯಾಪೆ."

"ತುಂಬಿಸು. ಚೌಕ ಆತು. ನಿಮ್ಮ ವರ್ಗ ಪೂರ್ಣ ಆತು."

ಸೊಸೆ ಆ ಗೀಚಿದ್ದನ್ನ ನೋಡ್ತಾ ಕುಂತ್ಲು. ಶೇಂಗಾ ಮಡಿಲಿಂದ ಉರುಳಿ ಹೋಗಿದ್ದೂ ಗೊತ್ತಾಗ್ಲಿಲ್ಲ. "ಅದಕ್ಕೇ ಅರ್ಧ," ಅಂದ್ಲು. ಮೊಮ್ಮಗಳು "ನಮ್ಮ ಮೇಷ್ಟ್ರು ಇದನ್ನ ಹೇಳ್ಲೇ ಇಲ್ಲ" ಅಂತ ಸಣ್ಣ ದನಿಯಾಗೆ ಅಂದ್ಲು.

ಅಲ್ಲಿಂದ ಎರಡು ವಾರ ನನ್ನ ಹಿಡಿಯೋರು ಯಾರೂ ಇರ್ಲಿಲ್ಲ. ನೀರಿನ ಟ್ಯಾಂಕಿನ ಹತ್ರ ಹೇಳಿದೆ, ಬಾಣಂತಿ ಮನ್ಯಾಗೆ ಹೇಳಿದೆ, ಹಾಲು ಹಾಕೋಕೆ ಬಂದೋನಿಗೂ ಹೇಳಿದೆ. ನಮ್ಮ ಕಡೆ ಉಳ್ಳಾರ್ತಿ ಕಾವಲು ಅಂತ ಹುಲ್ಲುಗಾವಲು ಐತೆ, ಈಗ ಅಲ್ಲಿ ಸರ್ಕಾರದ ವಿಜ್ಞಾನಿಗಳು, ದೊಡ್ಡ ದೊಡ್ಡ ಓದಿದೋರು, ಬೇಲಿ ಹಾಕ್ಕಂಡು ಕುಂತು ಲೆಕ್ಕ ಮಾಡ್ತಾರಂತೆ. ಒಂದು ಕಾಲದಾಗೆ ಆ ಕಾವಲಿನಾಗೆ ನಾನು ಕುರಿ ಬಿಟ್ಕಂಡು ಓಡಾಡ್ತಿದ್ದೋಳು. ಬೇಲಿನ ಸ್ವಲ್ಪ ಮೊದ್ಲೇ ಹಾಕಿದ್ರೆ ಕುರಿ ಜೊತೆ ನಾನೂ ಒಳಗೇ ಉಳ್ಕಂತಿದ್ದೆ, ಇಷ್ಟೊತ್ತಿಗೆ ಏನೇನು ಕಂಡು ಹಿಡೀತಿದ್ದೆನೋ ಅಂತ ನನಗೇ ನನ್ನ ಮ್ಯಾಲೆ ಗೌರವ ಬಂತು.

ವರ್ಗದ ಪಾಠ ಮುಗೀತು ಅಂತ ಅಷ್ಟು ದಿನ ಬೇರೆ ಪಾಠ ಹೇಳ್ತಿದ್ದ ಮೊಮ್ಮಗಳು, ಪರೀಕ್ಷೆಗೆ ಇನ್ನು ಹತ್ತು ದಿನ ಇದ್ದಾಗ ಅವರವ್ವಗೆ ಒಂದು ಟೆಸ್ಟ್ ಕೊಟ್ಲು. ಐದು ಲೆಕ್ಕ, ಐದೂ ವರ್ಗ ಪೂರ್ಣಗೊಳಿಸೋದೇ. ಸೊಸೆ ಎಲ್ಲೂ ತಡವರಿಸ್ಲಿಲ್ಲ, ಒಂದಾದ್ಮ್ಯಾಲೆ ಒಂದು ಬರೆದು ಕೊಟ್ಲು. ನಾನು ಸೂಜಿಗೆ ದಾರ ಪೋಣಿಸ್ತಾ ನನ್ನ ಶಿಷ್ಯೆನ ನೋಡ್ತಿದ್ದೆ. ಮೊಮ್ಮಗಳು ಒಂದೊಂದೇ ನೋಡಿ ಒಂದೊಂದೇ ತಪ್ಪು ಗೀಟು ಹಾಕಿದ್ಲು. ಐದಕ್ಕೆ ಐದೂ ತಪ್ಪು.

"ಅವ್ವ, ಮೊದಲ್ನೇದು ನೋಡು. ಎಕ್ಸ್ ಪ್ಲಸ್ ಮೂರರ ವರ್ಗ, ಸಮ ಹದಿನಾರು ಅಂತ ಬರ್ದೀಯ. ಒಂಬತ್ತು ಕೂಡಿಸಿಲ್ಲ."

"ಕೂಡಿಸೀನಿ."

"ಎಲ್ಲಿ?"

"ಎರಡೂ ಕಡೆ ಹಾಕೀನಲ್ಲೇ. ಮೂರು ಬಲಕ್ಕೆ, ಮೂರು ಕೆಳಕ್ಕೆ, ಒಂಬತ್ತು ಮೂಲೆಗೆ. ನಿಮ್ಮಜ್ಜಿ ಹೇಳ್ಕೊಟ್ಟಂಗೇ."

"ಎರಡೂ ಕಡೆ ಅಂದ್ರೆ ಬಟ್ಟೆ ಎರಡು ಕಡೆ ಅಲ್ಲ ಅವ್ವ. ಸಮ ಅಂತ ಗುರುತು ಐತಲ್ಲ, ಅದರ ಈ ಕಡೆ ಆ ಕಡೆ. ನೀನು ಈ ಕಡೆ ಒಂಬತ್ತು ಹಾಕಿ ಆ ಕಡೆ ಹದಿನಾರು ಹದಿನಾರೇ ಬಿಟ್ಟೀಯ. ಅದರ ವರ್ಗಮೂಲ ನಾಲ್ಕು, ನಾಲ್ಕರಾಗೆ ಮೂರು ಹೋದ್ರೆ ಒಂದು, ಎಕ್ಸು ಒಂದು ಅಂದೀಯ. ಒಂದು ಹಾಕಿ ನೋಡು. ಒಂದರ ವರ್ಗ ಒಂದು, ಆರು ಒಂದ್ಲಿ ಆರು, ಏಳು. ಹದಿನಾರು ಎಲ್ಲಿ?"

ಇಬ್ರೂ ನನ್ನ ಕಡೆ ತಿರುಗಿದ್ರು. ಎರಡು ವಾರದಾಗೆ ಎರಡನೇ ಸಲ ಇಬ್ರೂ ಒಟ್ಟಿಗೆ ನನ್ನ ನೋಡಿದ್ದು. ಮೊದಲ್ನೇ ಸಲದ ಹಂಗೆ ಇರ್ಲಿಲ್ಲ. ನನಗೆ ಆಗ ಹೊಳೀತು. ನಾನು ಕೌದಿ ಹೊಲಿಯೋದು ಹೇಳ್ಕೊಟ್ಟಿದ್ದೆ, ಲೆಕ್ಕ ಹೇಳ್ಕೊಟ್ಟಿರ್ಲಿಲ್ಲ. ಪುಸ್ತಕದಾಗೆ ಎರಡೂ ಕಡೆ ಅಂತ ಬಂದಾಗೆಲ್ಲ ಅವಳ ಕಣ್ಣ ಮುಂದೆ ನನ್ನ ಕಟ್ಟೆ ಮ್ಯಾಲಿನ ಬಟ್ಟೆನೇ ಬರ್ತಿತ್ತು.

ಸೊಸೆ ಪೆನ್ನಿಗೆ ಮುಚ್ಚಳ ಹಾಕಿದ್ಲು. "ಮೊದ್ಲು ನನಗೆ ಗೊತ್ತಿರ್ಲಿಲ್ಲ ಅತ್ತೆ. ಈಗ ತಪ್ಪಾಗಿ ಗೊತ್ತೈತೆ. ಇದಕ್ಕಿಂತ ಅದೇ ವಾಸಿ ಇತ್ತು. ನಾನು ಪರೀಕ್ಷೆಗೆ ಹೋಗಲ್ಲ."

"ಅಂಗನವಾಡಿ?" ಅಂದ್ಲು ಮೊಮ್ಮಗಳು.

"ಅಳೋ ಮಕ್ಕಳು ನಾನಿಲ್ದಿದ್ರೂ ಅಳ್ತಾವೆ ಬಿಡು."

ಹಾಲ್ ಟಿಕೆಟ್ ತಗಂಡು ಹೋಗಿ ರಾಗಿ ಹಿಟ್ಟಿನ ಡಬ್ಬಿ ಕೆಳಗೆ ಇಟ್ಟು ಬಂದ್ಲು. ನಾನು ಅವತ್ತು, ಮಾರನೇ ದಿನ, ಅವಳು ಗೊಣಗ್ತಾಳೆ ಅಂತ ಕಿವಿ ಕೊಟ್ಕಂಡು ಕುಂತಿದ್ದೆ. ಬೈದ್ರೆ ಹಗುರ ಆಗ್ತಾಳೆ ಅಂತ. ಒಂದು ಮಾತಿಲ್ಲ, ತೆಲುಗಾಗೂ ಇಲ್ಲ. ಅಂಗನವಾಡಿ ಕಡೆ ಒಂದು ಮಗು ಹತ್ತು ನಿಮಿಷ ಕಿರುಚ್ತು. ಇವಳು ತಲೆ ಎತ್ಲಿಲ್ಲ.

ಮೂರನೇ ದಿನ ಮಧ್ಯಾಹ್ನ ನಾನು ತ್ಯಾಪೆ ಗಂಟು ಬಿಚ್ಕಂಡು ಕಟ್ಟೆ ಮ್ಯಾಲೆ ಕುಂತೆ. "ಬಾರೆ, ಇವನ್ನ ಒಂದಿಷ್ಟು ಜೋಡಿಸ್ಕೊಡು, ಕಣ್ಣು ಕಾಣಲ್ಲ" ಅಂದೆ. ಕಣ್ಣು ಚೆನ್ನಾಗೇ ಕಾಣ್ತೈತೆ, ಪೊರೆ ತೆಗೆಸಿ ವರ್ಷ ಆತು. ಕೆಲ್ಸ ಅಂದ್ರೆ ಅವಳು ಇಲ್ಲ ಅನ್ನಲ್ಲ. ಬಂದು ಕುಂತ್ಲು.

ನಾಲ್ಕು ತ್ಯಾಪೆ ಇಡಿಸ್ದೆ, ಅಡ್ಡ ಎರಡು, ಉದ್ದ ಎರಡು. ಒಂದು ಚೌಕ. ಅದರ ಪಕ್ಕಕ್ಕೆ ಪಟ್ಟಿ ಇಡಿಸ್ದೆ, ಅಗಲ ಎರಡು, ಉದ್ದ ಆರು.

"ಎಷ್ಟಾತು ಎಣಿಸು."

ಯಾವ ಭಾಷೆಯಾಗೆ ಎಷ್ಟು ವರ್ಷ ಮಾತಾಡಿದ್ರೂ ಎಣಿಸೋದು ಮಾತ್ರ ತವರು ಮನೆ ಮಾತಿನಾಗೇ. ಅವಳು ಒಂದೊಂದರ ಮ್ಯಾಲೂ ಬೆರಳಿಟ್ಟು "ಒಕಟಿ, ರೆಂಡು, ಮೂಡು" ಅಂತ ಶುರು ಮಾಡಿ "ಪದಾರು" ಅಂತ ನಿಲ್ಲಿಸಿದ್ಲು. ಆಮೇಲೆ ನನಗೋಸ್ಕರ ಕನ್ನಡದಾಗೆ "ಹದಿನಾರು" ಅಂದ್ಲು.

"ಪಟ್ಟಿನ ಎರಡು ಭಾಗ ಮಾಡು. ಒಂದು ಬಲಕ್ಕೆ, ಒಂದು ಕೆಳಕ್ಕೆ."

ಮಾಡಿದ್ಲು. ಮೂಲೆ ಖಾಲಿ ಉಳೀತು.

"ಗಂಟಿನಿಂದ ಒಂಬತ್ತು ತಗಂಡು ತುಂಬಿಸು."

ತುಂಬಿಸಿದ್ಲು. ಒಳ್ಳೆ ಐದು ಗೇಣು ಚೌಕ ಆತು.

"ಈಗ ಕೌದಿನಾಗೆ ಎಷ್ಟು ತ್ಯಾಪೆ?"

"ಹದಿನಾರು."

"ಎಣಿಸು."

"ಈಗ ತಾನೆ ಎಣಿಸಿದ್ನಲ್ಲ ಅತ್ತೆ, ಹದಿನಾರೇ."

"ಆಗ ಹದಿನಾರು. ಈಗ ಎಷ್ಟು?"

ಅವಳು ಚೌಕ ನೋಡ್ತಾ "ಪದಾರು... ಪದಾರುಕಿ..." ಅಂತ ಒಬ್ಬಳೇ ಅಂದ್ಕಂತಾ ಕುಂತ್ಲು. ಬಾಯಿ ತುದಿಗೆ ಬಂದೈತೆ, ಬೀಳವಲ್ದು. ನನಗೆ ಮೊದ್ಲೇ ತಾಳ್ಮೆ ಕಮ್ಮಿ.

"ಪದಾರುಕಿ ತೊಮ್ಮಿದಿ ಕಲಿಪಿತೇ ಇರವೈಯೈದು ಕಾದಾ," ಅಂದ್ಬಿಟ್ಟೆ. ಹದಿನಾರಕ್ಕೆ ಒಂಬತ್ತು ಸೇರಿಸಿದ್ರೆ ಇಪ್ಪತ್ತೈದು ತಾನೆ ಅಂತ.

ಅವಳಿಗೆ ಮೊದ್ಲು ಲೆಕ್ಕ ಹೊಳೀತು. "ಇರವೈಯೈದು" ಅಂದ್ಲು ನಿಧಾನಕ್ಕೆ. "ಸಮದ ಈ ಕಡೆ ಇರೋದು ಕೌದಿ. ಆ ಕಡೆ ಇರೋದು ಅದರ ಎಣಿಕೆ. ಕೌದಿಗೆ ಒಂಬತ್ತು ಬಂದ್ರೆ ಎಣಿಕೆಗೂ ಒಂಬತ್ತು ಬರ್ಬೇಕು. ಇಪ್ಪತ್ತೈದು. ಐದೈದ್ಲಿ. ಐದು ಗೇಣಿನಾಗೆ ಪಟ್ಟಿ ಮೂರು ಗೇಣು ತೆಗೆದ್ರೆ ಎರಡು." ಮೊದ್ಲು ಇಟ್ಟಿದ್ದ ಚೌಕದ ಮ್ಯಾಲೆ ಕೈ ಚಾಚಿ ಗೇಣು ಹಾಕಿದ್ಲು. ಎರಡೇ ಇತ್ತು. ಕೈ ಅಲ್ಲೇ ನಿಂತು ಹೋತು.

"ಅತ್ತೆ. ನಿಮಗೆ ತೆಲುಗು ಬರ್ತೈತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಎಣಿಸೋವಷ್ಟು."

"ಕಲಿಪಿತೇ, ಕಾದಾ ಅಂದ್ರಿ. ಅದು ಎಣಿಸೋದಲ್ಲ. ಯಾವಾಗಿಂದ ಬರ್ತೈತೆ?"

"ನೀನು ಹುಟ್ಟೋಕೆ ಮುಂಚಿಂದ."

ಇಪ್ಪತ್ತು ವರ್ಷ ಅವಳ ಮುಖದ ಮ್ಯಾಲೆ ಹಾದು ಹೋಗಿದ್ದನ್ನ ನೋಡಿದೆ. "ಹುಣಸೆಹಣ್ಣು ಜಜ್ಜೋವಾಗ ಅಂದಿದ್ದು?"

"ಕೇಳಿಸ್ತು."

"ನಿಮ್ಮ ತಂಗಿ ಬಂದು ಹದಿನೈದು ದಿನ ಕುಂತಾಗ ಅಂದಿದ್ದು?"

"ಅದು ನಿಜಾನೇ ಇತ್ತು. ಅದಕ್ಕೇ ಸುಮ್ನಿದ್ದೆ."

ಒಳಗಿಂದ ಮೊಮ್ಮಗಳು ನಗೋದು ಕೇಳಿಸ್ತು. ಸೊಸೆಗೂ ನಗು ಬಂತು, ಸೆರಗು ಬಾಯಿಗೆ ಇಟ್ಕಂಡ್ಲು. ಇಟ್ಕಂಡಿದ್ದು ಹಂಗೇ ಉಳೀತು, ನಗು ಉಳೀಲಿಲ್ಲ.

"ಹಂಗಾದ್ರೆ ಅವತ್ತು? ನೀವು ನೋಡೋಕೆ ಬಂದಾಗ? ಒಳಗೆ ನಮ್ಮವ್ವ ನಮ್ಮಪ್ಪಗೆ ಹೇಳಿದ್ದು?"

ಇಲ್ಲ ಅಂದಿದ್ರೆ ನಂಬ್ತಿದ್ಲೋ ಏನೋ. ಇಲ್ಲ ಅಂದು ನನಗೆ ಅಭ್ಯಾಸಾನೂ ಇತ್ತು. ಆದ್ರೆ ಈಗ ತಾನೆ ಈ ಕಡೆ ಹಾಕಿದ್ದನ್ನ ಆ ಕಡೆ ಬಿಡಬಾರ್ದು ಅಂತ ಅವಳಿಗೆ ಹೇಳಿ ಇನ್ನೂ ಬಾಯಿ ಆರಿರ್ಲಿಲ್ಲ.

"ಕೇಳಿಸ್ತು ಕಣೆ," ಅಂದೆ.

ನಾನು ಕುಂತಿದ್ದಿದ್ದು ಅಡುಗೆ ಮನೆ ಬಾಗಿಲ ಪಕ್ಕದಾಗೇ. "ಪಾಪಕಿ ಈಪೊದ್ದು ಲೆಕ್ಕಾಲ ಪರೀಕ್ಷ" ಅಂತ ಅವರವ್ವ ಅಂದ್ರು. ಮಗೀಗೆ ಇವತ್ತು ಲೆಕ್ಕದ ಪರೀಕ್ಷೆ, ಇವರನ್ನ ನಾಳೆ ಬನ್ನಿ ಅನ್ನೋಣ ಅಂತ. ಅವರಪ್ಪ ಸುಮ್ನಿರು ಅಂದ್ರು. ಆಗ ನಾನು ಒಂದು ಮಾತು, ನಾಳೆ ಬರ್ತೀವಿ ಬಿಡಿ ಅಂದಿದ್ರೆ ಮುಗೀತಿತ್ತು. ಆದ್ರೆ ಟೆಂಪೋನ ಮಧ್ಯಾಹ್ನದೊಳಗೆ ವಾಪಸ್ ಬಿಡ್ಬೇಕಿತ್ತು. ಉಪ್ಪಿಟ್ಟು ಬಿಸಿ ಇತ್ತು, ರುಚಿನೂ ಇತ್ತು. ಗಣಿತ ಎಲ್ಲಿಗೆ ಓಡಿ ಹೋಗ್ತೈತೆ ಅಂದ್ಕಂಡೆ. ಅದೊಂದು ಸರಿಯಾಗೇ ಅಂದ್ಕಂಡಿದ್ದೆ. ಅದು ಎಲ್ಲಿಗೂ ಓಡಿ ಹೋಗ್ಲಿಲ್ಲ.

ಇದನ್ನೆಲ್ಲ ಅವಳಿಗೆ ಹೇಳಿದೆ. ಉಪ್ಪಿಟ್ಟಿನ ವಿಷಯಾನೂ ಬಿಡ್ಲಿಲ್ಲ. ಅವಳು ಎದ್ದು ಒಳಗೆ ಹೋದ್ಲು. ರಾಗಿ ಡಬ್ಬಿ ಎತ್ತಿದ ಸದ್ದಾತು. ಹಾಲ್ ಟಿಕೆಟ್ ಮ್ಯಾಲಿನ ಹಿಟ್ಟು ಒರೆಸ್ತಾ ಬಂದು ಪುಸ್ತಕದೊಳಗೆ ಇಟ್ಲು. "ಇನ್ನೊಂದು ಲೆಕ್ಕ ಕೊಡೆ" ಅಂದ್ಲು ಮಗಳಿಗೆ.

ಆಮೇಲೆ ಪರೀಕ್ಷೆವರ್ಗೂ ನನ್ನ ಜೊತೆ ಮಾತು ಕಮ್ಮಿ. ಊಟ ಮಾಡಿ, ನೀರು ಕುಡೀರಿ, ಅಷ್ಟೇ. ಗೊಣಗೋದು ಪೂರ್ತಿ ನಿಂತ್ಹೋತು. ಬೈಯೋದಿದ್ರೆ ಎದುರಿಗೆ ನಿಂತು ಕನ್ನಡದಾಗೇ ಬೈತಿದ್ಲು. ಎದುರಿಗೆ ಬೈಸ್ಕಣೋದ್ರಾಗೆ ಆ ಮಜಾ ಇರಲ್ಲ. ಒಂದು ದಿನ ಮೊಮ್ಮಗಳು ಆ ಲೆಕ್ಕಕ್ಕೆ ಇನ್ನೊಂದು ಉತ್ತರಾನೂ ಐತೆ, ಮೈನಸ್ ಎಂಟು ಅಂದ್ಲು. ಮೈನಸ್ ಐದರ ವರ್ಗಾನೂ ಇಪ್ಪತ್ತೈದೇ ಅಂತೆ. "ಮೈನಸ್ ಎಂಟು ಗೇಣು ಬಟ್ಟೆ ಯಾವ ಅಂಗಡ್ಯಾಗೆ ಸಿಗ್ತೈತೆ?" ಅಂತ ಕೇಳಿದೆ. ಸೊಸೆ ಗೋಡೆ ನೋಡ್ಕಂಡು "ಸಿಗ್ಲಿ ಬಿಡ್ಲಿ, ಬರೀದಿದ್ರೆ ಮಾರ್ಕ್ಸ್ ಹೋಗ್ತೈತೆ" ಅಂದ್ಲು. ಗೋಡೆಗೆ ಹೇಳಿದ್ದಾದ್ರೂ ನನಗೆ ಸೇರ್ತು.

ಪರೀಕ್ಷೆ ಚಳ್ಳಕೆರೆಯಾಗೆ. ಕರೀದಿದ್ರೂ ನಾನು ಜೊತೆಗೆ ಬಸ್ ಹತ್ತಿದೆ. ಸ್ಕೂಲ್ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಬೇಕಾದಷ್ಟು ತಂದೆ ತಾಯಿ ಕುಂತಿದ್ರು. ಪಕ್ಕದಾಗಿದ್ದೋಳು "ಮೊಮ್ಮಗನಾ ಅಜ್ಜಿ?" ಅಂತ ಕೇಳಿದ್ಲು.

"ಸೊಸೆ," ಅಂದೆ.

"ಸೊಸೆ ಮಗನಾ?"

"ಸೊಸೆನೇ."

ಅವಳು ನನ್ನ ಒಂದು ಸಲ ಮ್ಯಾಲಿಂದ ಕೆಳಗೆ ನೋಡಿ, "ಎಷ್ಟು ಒಳ್ಳೆ ಅತ್ತೆ ನೀವು" ಅಂದ್ಲು. ಬೇರೆ ದಿನ ಆಗಿದ್ರೆ ಈ ಮಾತು ಕೇಳ್ಕಂಡು ನಾನು ಅವಳಿಗೆ ಅರ್ಧ ಗಂಟೆ ಕತೆ ಹೇಳ್ತಿದ್ದೆ. ಅವತ್ತು ಹೋಗಿ ಸುಮ್ನೆ ನಲ್ಲಿ ನೀರು ಕುಡಿದು ಬಂದೆ.

ಬೆಲ್ ಹೊಡೆದ್ಮ್ಯಾಲೆ ಹುಡುಗರ ಮಧ್ಯೆ ತಳ್ಳಾಡ್ಕಂಡು ಸೊಸೆ ಬಂದ್ಲು. ಬೆರಳಿಗೆಲ್ಲ ಶಾಯಿ.

"ಬಂದಿತ್ತಾ?" ಅಂದೆ.

"ಬಂದಿತ್ತು. ಆರಿರ್ಲಿಲ್ಲ, ಐದಿತ್ತು."

ಐದನ್ನ ಅರ್ಧ ಮಾಡೋದು ನಾನು ಹೇಳ್ಕೊಟ್ಟಿರ್ಲಿಲ್ಲ.

"ಎರಡೂವರೆ ಗೇಣು ಈ ಕಡೆ, ಎರಡೂವರೆ ಗೇಣು ಆ ಕಡೆ. ಮೂಲೆಗೆ ಆರೂಕಾಲು ತ್ಯಾಪೆ. ಪಂಚೆ ಹರಿದಾಗ ಕಾಲು ತ್ಯಾಪೆನೂ ಹಾಕ್ತೀವಲ್ಲ ಅತ್ತೆ, ಹಂಗೆ."

"ಎರಡೂ ಕಡೆ ಕೂಡಿಸಿದ್ಯಾ?"

"ನಾಲ್ಕು ಕಡೆ ಕೂಡಿಸೀನಿ. ಬಟ್ಟೆಗೆ ಎರಡು, ಸಮಕ್ಕೆ ಎರಡು."

ಅತ್ತೆ ಅಂತ ಅವಳು ಅಷ್ಟು ದಿನ ಆದ್ಮ್ಯಾಲೆ ಅಂದಿದ್ದು ಅವತ್ತೇ. ನಾನು ಗಮನಿಸಿದ್ದನ್ನ ತೋರಿಸ್ಕಣ್ಲಿಲ್ಲ.

ಪಾಸಾದ್ಲು. ಎಷ್ಟು ಮಾರ್ಕ್ಸು ಅಂತ ಬರೀಬೇಡಿ ಅಂದಾಳೆ, ಮಗಳಿಗಿಂತ ಕಮ್ಮಿ ಅಂತ. ಕಾರ್ಡು ಬಂದ ದಿನ ನಾನು ಕನ್ನಡಕ ಹಾಕ್ಕಂಡು ಒಂದೊಂದೇ ಸಾಲಿನ ಮ್ಯಾಲೆ ಬೆರಳಿಟ್ಟು ಓದಿದೆ. ಅವಳ ಹೆಸರು ಐತೆ. ತಾಯಿ ಹೆಸರು ಐತೆ, ತಂದೆ ಹೆಸರು ಐತೆ.

"ನಮ್ಮ ಮನೆ ಹೆಸರು ಎಲ್ಲೇ?" ಅಂದೆ.

"ಇದರಾಗೆ ಇರಲ್ಲ ಅತ್ತೆ. ತಂದೆ ತಾಯಿ ಅಷ್ಟೇ."

"ಅತ್ತೆಗೆ ಒಂದು ಸಾಲು ಇಡ್ಬೋದಿತ್ತಪ್ಪ."

"ಇಟ್ಟಿದ್ರೆ ಏನಂತ ಬರೀತಿದ್ರು?" ಅಂದ್ಲು. ಅವಳು ಕೇಳಿದ ರೀತಿಗೆ ನಾನು ಕನ್ನಡಕ ತೆಗೆದು ಒರೆಸ್ಕಂಡೆ.

ಮಾರನೇ ದಿನ ಗಂಡನ್ನ ಕರ್ಕಂಡು ಹೋಗಿ ಅಂಗನವಾಡಿ ಅರ್ಜಿ ಹಾಕಿ ಬಂದ್ಲು. ಕೆಲ್ಸ ಸಿಗ್ತೈತೋ ಇಲ್ಲೋ ಲಿಸ್ಟು ಬಂದ್ಮ್ಯಾಲೆ ಗೊತ್ತಾಗ್ಬೇಕು. ಅಂಗನವಾಡಿ ಕಡೆ ಮಗು ಅತ್ರೆ ಈಗ ಮತ್ತೆ ಕಿವಿ ಕೊಡ್ತಾಳೆ.

ಆ ಭಾನುವಾರ ಬೆಳಿಗ್ಗೆ ಕಾರ್ಡನ್ನ ಪ್ಲಾಸ್ಟಿಕ್ ಕವರಿನಾಗೆ ಹಾಕಿ, ಒಳ್ಳೆ ಸೀರೆ ಉಟ್ಕಂಡು ಹೊರಟು ನಿಂತ್ಲು.

"ಎಲ್ಲಿಗೆ?"

"ಬಿ.ಜಿ. ಕೆರೆಗೆ. ನಮ್ಮವ್ವಗೆ ತೋರ್ಸಿ ಬರ್ತೀನಿ."

"ಹೋಗ್ಬಾ. ಮುದ್ದೆ ನಾನು ತಿರುವ್ಕಂತೀನಿ."

"ನೀವೂ ಬನ್ನಿ ಅತ್ತೆ."

"ನಾನ್ಯಾಕೆ? ನನ್ನ ಹೆಸರು ಅದರಾಗಿಲ್ಲ."

"ಬನ್ನಿ," ಅಂದ್ಲು. "ಅಲ್ಲಿ ಮಾತ್ರ ತೆಲುಗಾಗೇ ಮಾತಾಡ್ಬೇಕು. ನಮ್ಮವ್ವಗೆ ಕಿವಿ ಮಂದ ಆಗೈತೆ, ಸ್ವಲ್ಪ ಜೋರಾಗಿ ಹೇಳ್ಬೇಕಾಗ್ತೈತೆ."

ಸೀರೆ ಬದಲಾಯಿಸ್ಕಂಡು ಬಂದೆ. ಬಸ್ಸಿನಾಗೆ ಅವಳು ಕಿಟಕಿ ಪಕ್ಕ, ಕವರು ಮಡಿಲಾಗೆ. ನಾನು ದಾರಿ ಉದ್ದಕ್ಕೂ ಮನಸ್ಸಿನಾಗೆ ತೆಲುಗು ಜೋಡಿಸ್ತಾ ಕುಂತೆ. ಎಷ್ಟೋ ವರ್ಷದಿಂದ ಕೇಳಿದ್ದೇ ಹೊರತು, ಆ ಲೆಕ್ಕದ ಮಾತು ಬಿಟ್ರೆ ಆಡಿರ್ಲಿಲ್ಲ. ತಪ್ಪು ಅನ್ನೋದಕ್ಕೆ ತೆಲುಗಾಗೆ ಬೇರೆ ಏನಾದ್ರೂ ಮೆತ್ತಗಿನ ಮಾತು ಇರ್ಬೋದು ಅಂತ ಬಸ್ ಇಳಿಯೋವರ್ಗೂ ಹುಡುಕಿದೆ. ಇಲ್ಲ, ಅಲ್ಲೂ ಅದನ್ನ ತಪ್ಪು ಅಂತಾನೇ ಅಂತಾರೆ.